ತಾರೀಖು, ಹುಣ್ಣಿಮೆ, ವಾರ: ನಮ್ಮ ಹಬ್ಬಗಳ ದಿನ ಗೊತ್ತಾಗುವುದು ಹೇಗೆ?



ಶಿಗ್ಗಾಂವಿ ತಾಲೂಕಿನ ದುಂಡಸಿ ಕಡೆಯ ಒಂದು ಮನೆಗೆ ಪಾಸ್ಕ ಹಬ್ಬದ ಮುಂಚೆ ಮನೆ ಆಶೀರ್ವಾದಕ್ಕೆಂದು ಹೋಗಿದ್ದೆವು. ಒಕ್ಕಲುತನದ ಮನೆ. ಪ್ರಾರ್ಥನೆ ಮುಗಿದು ಚಹಾ ಕುಡಿಯುತ್ತಿದ್ದಾಗ ಮನೆಯ ಹಿರಿಯ ಅಮ್ಮ ಒಂದು ಪ್ರಶ್ನೆ ಕೇಳಿದರು: "ಫಾದರ್, ಕ್ರಿಸ್ಮಸ್ಸಿಗೆ ತಾರೀಖು ಐತಿ, ಪಾಸ್ಕಕ್ಕ ಯಾಕ ಇಲ್ರಿ? ಒಂದ್ ವರ್ಷ ಹೋಳಿ ಹುಣ್ಣಿವಿ ಆದ ಕೂಡ್ಲೆ ಬರತೈತಿ, ಒಂದ್ ವರ್ಷ ದವನದ ಹುಣ್ಣಿವಿ ಆದ ಮ್ಯಾಲೆ ಬರತೈತಿ. ನಮ್ಮ ಹಬ್ಬಕ್ಕೂ ಪಂಚಾಂಗ ಐತೇನ್ರಿ?"

ನಾವು ಉತ್ತರ ಹೇಳುವ ಮೊದಲೇ ಅವರ ಮಗ ತನ್ನ ಪ್ರಶ್ನೆಯನ್ನೂ ಮುಂದಿಟ್ಟ: "ಅದಿರ್ಲಿ ಫಾದರ್. ಐತವಾರ ಅಂದ್ರ ನಮಗ ಗಳೇ ಹೂಡೂ ದಿನ. ಸೋಮವಾರ ಹೆಂಗೂ ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ. ಪೂಜಿ ಅವತ್ತ ಇಟ್ರ ಎಲ್ಲಾರೂ ಬರತೀವಿ. ದೇವರಿಗೆ ಐತವಾರಾದ್ರೇನು, ಸೋಮವಾರಾದ್ರೇನು?"

ತಾಯಿ ಕೇಳಿದ್ದು ಹಬ್ಬದ ದಿನದ ಲೆಕ್ಕ. ಮಗ ಕೇಳಿದ್ದು ಭಾನುವಾರದ ಬೆಲೆ. ಮೇಲ್ನೋಟಕ್ಕೆ ಇವು ಎರಡು ಪ್ರಶ್ನೆಗಳು. ಆದರೆ ಮೊದಲನೆಯದಕ್ಕೆ ಸರಿಯಾಗಿ ಉತ್ತರ ಹುಡುಕಿದರೆ ಎರಡನೆಯದಕ್ಕೂ ಅದರಲ್ಲೇ ಉತ್ತರ ಸಿಗುತ್ತದೆ. ಇಂತಹ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದಾದ್ದರಿಂದ ಅದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಇಸ್ರಯೇಲರ ಹಬ್ಬಗಳು: ಚಂದ್ರನ ಲೆಕ್ಕ

ಬೈಬಲಿನಲ್ಲಿ ಹಬ್ಬಗಳ ಪಟ್ಟಿಯನ್ನು ಓದಬೇಕಾದರೆ ಯಾಜಕಕಾಂಡದ 23ನೇ ಅಧ್ಯಾಯವನ್ನು ತೆರೆಯಬೇಕು. ಮೊದಲನೆಯ ತಿಂಗಳ ಹದಿನಾಲ್ಕನೆಯ ದಿನ ಸಂಜೆ ಪಾಸ್ಕ. ಹದಿನೈದರಿಂದ ಏಳು ದಿನ ಹುಳಿರಹಿತ ರೊಟ್ಟಿಗಳ ಹಬ್ಬ. ಪ್ರಥಮ ಫಲದ ಸಿವುಡನ್ನು ಅರ್ಪಿಸಿ ಐವತ್ತನೆಯ ದಿನಕ್ಕೆ ಪಂಚಾಶತ್ತಮ ಹಬ್ಬ. ಏಳನೆಯ ತಿಂಗಳ ಹತ್ತರಂದು ದೋಷಪರಿಹಾರದ ದಿನ, ಅದೇ ತಿಂಗಳ ಹದಿನೈದರಿಂದ ಪರ್ಣಕುಟೀರಗಳ ಹಬ್ಬ.

ಇಲ್ಲಿ ತಿಂಗಳು ಎಂದರೆ ಗೋಡೆಯ ಕ್ಯಾಲೆಂಡರಿನ ತಿಂಗಳಲ್ಲ. ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಂಡಾಗ ತಿಂಗಳು ಆರಂಭ. ಹಾಗಾಗಿ ಹದಿನಾಲ್ಕು, ಹದಿನೈದು ಎಂದರೆ ಹುಣ್ಣಿಮೆಯ ಆಸುಪಾಸು. ಕಾರ ಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸುವ, ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಊರುಗಳ ಜನರಿಗೆ ಈ ಲೆಕ್ಕವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮೋಶೆಯ ಜನರು ಈಜಿಪ್ಟಿನಿಂದ ಹೊರಟ ರಾತ್ರಿ ಆಕಾಶದಲ್ಲಿ ತುಂಬು ಚಂದ್ರನಿದ್ದ. ಯೇಸುಸ್ವಾಮಿ ಗೆತ್ಸೆಮನಿ ತೋಪಿನಲ್ಲಿ ಪ್ರಾರ್ಥಿಸಿದ ರಾತ್ರಿಯೂ ಪಾಸ್ಕ ಕಾಲದ ಬೆಳದಿಂಗಳ ರಾತ್ರಿಯೇ. ಬೆಳೆಯ ನಡುವೆ, ಕುಟುಂಬ ಸಮೇತ, ಗುಡಿಸಲಿನಲ್ಲಿ ಆಚರಿಸುವ ಪರ್ಣಕುಟೀರಗಳ ಹಬ್ಬ 2025ರಲ್ಲಿ ಅಕ್ಟೋಬರ್ 6ರ ಸಂಜೆ ಆರಂಭವಾಯಿತು. ನಮ್ಮ ರೈತರು ಸೀಗಿ ಹುಣ್ಣಿಮೆಗೆ ಭೂಮಿತಾಯಿಗೆ ಚರಗ ಚೆಲ್ಲಿದ್ದು ಅದೇ ಹುಣ್ಣಿಮೆಗೆ.

ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ 365 ದಿನ. ಪ್ರತಿ ವರ್ಷ ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಇದನ್ನು ಹಾಗೇ ಬಿಟ್ಟರೆ ಹಬ್ಬ ಹಿಂದೆ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ನಮ್ಮ ಮುಸ್ಲಿಂ ಬಾಂಧವರ ರಂಜಾನ್ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಬರುವುದು ಇದರಿಂದಲೇ. ಆದರೆ ಇಸ್ರಯೇಲರ ಪಾಸ್ಕಕ್ಕೆ ಜವೆಗೋಧಿಯ ಹೊಸ ತೆನೆ ಬೇಕು, ಪಂಚಾಶತ್ತಮಕ್ಕೆ ಗೋಧಿಯ ಸುಗ್ಗಿ ಬೇಕು. ಹಬ್ಬ ಸುಗ್ಗಿಯನ್ನು ಬಿಟ್ಟು ಹೋಗಬಾರದು. ಅದಕ್ಕಾಗಿ ಹತ್ತೊಂಬತ್ತು ವರ್ಷಗಳಲ್ಲಿ ಏಳು ಸಲ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸುವ ಪದ್ಧತಿ ಯೆಹೂದ್ಯರಲ್ಲಿ ಬಂತು. ನಮ್ಮ ಪಂಚಾಂಗದ ಅಧಿಕ ಮಾಸವೂ ಇದೇ ಕೆಲಸ ಮಾಡುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದು ಹಲವರಿಗೆ ನೆನಪಿರಬಹುದು.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಬೈಬಲಿನ ದಿನ ಮಧ್ಯರಾತ್ರಿಗೆ ಆರಂಭವಾಗುವುದಿಲ್ಲ, ಸೂರ್ಯ ಮುಳುಗಿದಾಗ ಆರಂಭವಾಗುತ್ತದೆ. ಆದಿಕಾಂಡದ ಮೊದಲ ಅಧ್ಯಾಯ ಪ್ರತಿಯೊಂದು ದಿನವನ್ನೂ ಸಂಜೆಯಿಂದಲೇ ಎಣಿಸುತ್ತದೆ. ಕ್ರಿಸ್ಮಸ್ಸಿನ ಹಿಂದಿನ ರಾತ್ರಿಯೇ ನಾವು ಹಬ್ಬದ ಬಲಿಪೂಜೆ ಅರ್ಪಿಸುವುದು, ಶನಿವಾರ ಸಂಜೆಯ ಪೂಜೆಯನ್ನು ಭಾನುವಾರದ ಪೂಜೆಯೆಂದು ಧರ್ಮಸಭೆ ಒಪ್ಪುವುದು ಈ ಹಳೆಯ ಎಣಿಕೆಗೆ ಹೊಂದಿಕೊಂಡೇ.

ಪಟ್ಟಿಯಲ್ಲಿ ಮೊದಲ ಹೆಸರು

ಈಗ ಆ 23ನೇ ಅಧ್ಯಾಯಕ್ಕೆ ಮತ್ತೊಮ್ಮೆ ಹೋಗೋಣ. ಮೇಲೆ ಹೇಳಿದ ಎಲ್ಲ ಹಬ್ಬಗಳಿಗಿಂತ ಮೊದಲು ಅಲ್ಲಿ ಒಂದು ದಿನದ ಹೆಸರಿದೆ: ಸಬ್ಬತ್. ಆರು ದಿನ ಕೆಲಸ, ಏಳನೆಯ ದಿನ ವಿಶ್ರಾಂತಿ. ಇದಕ್ಕೆ ಅಮಾವಾಸ್ಯೆಯೂ ಬೇಡ, ಹುಣ್ಣಿಮೆಯೂ ಬೇಡ, ಸುಗ್ಗಿಯೂ ಬೇಡ. ತಿಂಗಳಿಗೆ ಚಂದ್ರ ಕಾರಣ, ವರ್ಷಕ್ಕೆ ಸೂರ್ಯ ಕಾರಣ. ಏಳು ದಿನದ ವಾರಕ್ಕೆ ಆಕಾಶದಲ್ಲಿ ಅಂತಹ ಗುರುತು ಇಲ್ಲ. ಇಸ್ರಯೇಲರಿಗೆ ಅದು ದೇವರ ಮಾತಿನಿಂದ ಬಂದದ್ದು.

ಧರ್ಮೋಪದೇಶಕಾಂಡದ 5ನೇ ಅಧ್ಯಾಯ ಸಬ್ಬತ್ತಿಗೆ ಕೊಡುವ ಕಾರಣ ಒಕ್ಕಲಿಗರ ಮನಸ್ಸಿಗೆ ಹತ್ತಿರವಾದದ್ದು. ನೀನು ಮಾತ್ರವಲ್ಲ, ನಿನ್ನ ಮಕ್ಕಳು, ನಿನ್ನ ಆಳುಗಳು, ನಿನ್ನ ಎತ್ತು, ನಿನ್ನ ಕತ್ತೆ ಎಲ್ಲವೂ ವಿಶ್ರಾಂತಿ ಪಡೆಯಬೇಕು. ಏಕೆಂದರೆ ನೀನೂ ಒಮ್ಮೆ ಈಜಿಪ್ಟಿನಲ್ಲಿ ಗುಲಾಮನಾಗಿದ್ದೆ ಎಂದು ಅಲ್ಲಿ ನೆನಪಿಸಲಾಗಿದೆ. ಸೋಮವಾರ ಎತ್ತಿಗೆ ನೊಗ ಹೂಡದ ನಮ್ಮ ಉತ್ತರ ಕರ್ನಾಟಕದ ಪದ್ಧತಿಯಲ್ಲಿ ಮೂಕ ಪ್ರಾಣಿಯ ಮೇಲಿನ ಇಂತಹ ಕರುಣೆ ಇದೆ. ಅದು ಬಿಡಬೇಕಾದ ಪದ್ಧತಿಯಲ್ಲ, ಉಳಿಸಿಕೊಳ್ಳಬೇಕಾದದ್ದು.

ಸಬ್ಬತ್ ಎಂದರೆ ಶನಿವಾರ. ಹಾಗಾದರೆ ನಾವು ಭಾನುವಾರಕ್ಕೆ ಬಂದದ್ದು ಹೇಗೆ? ಬೈಬಲಿನಲ್ಲಿ ಶನಿವಾರ ಎಂದಿರುವಾಗ ನೀವು ಭಾನುವಾರ ಏಕೆ ಸೇರುತ್ತೀರಿ ಎಂದು ಕೆಲವರು ಮನೆಬಾಗಿಲಿಗೆ ಬಂದು ಕೇಳುವುದುಂಟು.

ವಾರದ ಮೊದಲನೆಯ ದಿನ

ನಾಲ್ಕು ಶುಭಸಂದೇಶಗಳು ಎಷ್ಟೋ ವಿವರಗಳಲ್ಲಿ ಬೇರೆ ಬೇರೆಯಾಗಿ ಬರೆದಿದ್ದರೂ ಒಂದು ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ. ಸಮಾಧಿ ಬರಿದಾಗಿ ಕಂಡದ್ದು ಸಬ್ಬತ್ ಕಳೆದ ಮೇಲೆ, ವಾರದ ಮೊದಲನೆಯ ದಿನ (ಮತ್ತಾಯ 28:1, ಮಾರ್ಕ 16:2, ಲೂಕ 24:1, ಯೊವಾನ್ನ 20:1). ಪುನರುತ್ಥಾನವು ಯಾವ ತಾರೀಖಿಗೆ ಆಯಿತೆಂದು ಅವರು ಬರೆಯಲಿಲ್ಲ. ಯಾವ ವಾರವೆಂದು ಬರೆದರು. ಅದೇ ದಿನ ಸಂಜೆ ಸ್ವಾಮಿ ಶಿಷ್ಯರಿಗೆ ಕಾಣಿಸಿಕೊಂಡರು. ತೋಮನು ಇದ್ದಾಗ ಮತ್ತೆ ಬಂದದ್ದು ಎಂಟು ದಿನಗಳ ಮೇಲೆ, ಅಂದರೆ ಅಂದಿನ ಎಣಿಕೆಯಂತೆ ಮುಂದಿನ ಭಾನುವಾರ (ಯೊವಾನ್ನ 20:19, 26).

ಮುಂದೆ ತ್ರೋವದಲ್ಲಿ ರೊಟ್ಟಿ ಮುರಿಯಲು ವಿಶ್ವಾಸಿಗಳು ಕೂಡಿಬಂದದ್ದು ವಾರದ ಮೊದಲನೆಯ ದಿನ (ಪ್ರೇಷಿತರ ಕಾರ್ಯಕಲಾಪಗಳು 20:7). ಜೆರುಸಲೇಮಿನ ಬಡವರಿಗಾಗಿ ಹಣ ತೆಗೆದಿಡಿ ಎಂದು ಸಂತ ಪೌಲರು ಕೊರಿಂಥದವರಿಗೆ ಹೇಳಿದ್ದು ಅದೇ ದಿನ (1 ಕೊರಿಂಥ 16:2). ಪ್ರಕಟನಾ ಗ್ರಂಥ ಬರೆಯುವ ಹೊತ್ತಿಗೆ ಪ್ರಭುವಿನ ದಿನ ಎಂಬ ಹೆಸರೇ ಬಳಕೆಗೆ ಬಂದಿತ್ತು (1:10). ಪೋರ್ಚುಗೀಸರು ಭಾನುವಾರವನ್ನು ದೊಮಿಂಗೊ ಎನ್ನುವುದು ಆ ಹೆಸರಿನಿಂದಲೇ.

ಹೀಗೆ ಭಾನುವಾರ ಬಂದದ್ದು ಯಾರೋ ಶನಿವಾರವನ್ನು ಅಳಿಸಿ ಬರೆದದ್ದರಿಂದಲ್ಲ. ಸಬ್ಬತ್ತಿಗೆ ಅದರ ಗೌರವ ಇದ್ದೇ ಇದೆ. ಅದು ಸೃಷ್ಟಿಯ ಮುಕ್ತಾಯವನ್ನು ನೆನೆಯುವ ದಿನ. ಭಾನುವಾರವಾದರೋ ಹೊಸ ಸೃಷ್ಟಿಯ ಆರಂಭದ ದಿನ. ಪೂರ್ವಪಿತೃಗಳು ಇದನ್ನು ಮೊದಲನೆಯ ದಿನವೆಂದೂ ಎಂಟನೆಯ ದಿನವೆಂದೂ ಕರೆದರು. ಏಳು ಮುಗಿದ ಮೇಲೆ ಬರುವ, ಕೊನೆಯಿಲ್ಲದ ದಿನದ ಗುರುತು ಅದು.

ಇಲ್ಲಿ ಒಂದು ಸೂಕ್ಷ್ಮ ಸಂಗತಿಯಿದೆ. ಪ್ರಥಮ ಫಲದ ಸಿವುಡನ್ನು ಸಬ್ಬತ್ತಿನ ಮರುದಿನ ಅರ್ಪಿಸಬೇಕೆಂದು ಯಾಜಕಕಾಂಡ 23:11 ಹೇಳುತ್ತದೆ. ಯಾವ ಸಬ್ಬತ್ತು? ಹಬ್ಬದ ಮೊದಲ ದಿನವೇ ಸಬ್ಬತ್ತು, ಅದರ ಮರುದಿನ ಯಾವ ವಾರವಾದರೂ ಸರಿ ಎಂದು ಫರಿಸಾಯರು ಅರ್ಥ ಮಾಡಿದರು. ವಾರದ ಸಬ್ಬತ್ತೇ, ಆದ್ದರಿಂದ ಮರುದಿನ ಭಾನುವಾರವೇ ಎಂದು ಸದ್ದುಕಾಯರ ಪಂಗಡ ಹೇಳಿತು. ಭಾನುವಾರದಿಂದ ಎಣಿಸಿದರೆ ಐವತ್ತನೆಯ ದಿನವೂ ಭಾನುವಾರವೇ. ಹಬ್ಬಕ್ಕೆ ತಾರೀಖು ಮುಖ್ಯವೋ ವಾರ ಮುಖ್ಯವೋ ಎಂಬ ಚರ್ಚೆ ಅಷ್ಟು ಹಳೆಯದು. ಪುನರುತ್ಥಾನರಾದ ಕ್ರಿಸ್ತರನ್ನು ಸಂತ ಪೌಲರು ಪ್ರಥಮ ಫಲವೆಂದು ಕರೆದಾಗ (1 ಕೊರಿಂಥ 15:20) ಆ ಸಿವುಡು ಅವರ ಮನಸ್ಸಿನಲ್ಲಿ ಇದ್ದಿರಲೇಬೇಕು.

ಪಾಸ್ಕದ ದಿನಕ್ಕಾಗಿ ನಡೆದ ವಾದ

ಆದಿ ಕ್ರೈಸ್ತರಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಇಂದಿನ ತುರ್ಕಿ ದೇಶದ ಪಶ್ಚಿಮ ಭಾಗದ ಸಭೆಗಳು ಯೆಹೂದ್ಯರ ತಿಂಗಳ ಹದಿನಾಲ್ಕನೆಯ ದಿನ, ಅದು ಯಾವ ವಾರಕ್ಕೆ ಬಿದ್ದರೂ, ಪಾಸ್ಕವನ್ನು ಆಚರಿಸುತ್ತಿದ್ದವು. ಇದನ್ನು ಪ್ರೇಷಿತ ಯೊವಾನ್ನರಿಂದ ಕಲಿತೆವೆಂಬುದು ಅವರ ಮಾತು. ರೋಮ್ ಮುಂತಾದ ಸಭೆಗಳು ಅದರ ನಂತರದ ಭಾನುವಾರವನ್ನೇ ಪಾಲಿಸುತ್ತಿದ್ದವು.

ಕ್ರಿ.ಶ. 155ರ ಸುಮಾರಿಗೆ ಸ್ಮಿರ್ನದ ವೃದ್ಧ ಧರ್ಮಾಧ್ಯಕ್ಷ ಸಂತ ಪೋಲಿಕಾರ್ಪರು ರೋಮಿಗೆ ಬಂದು ಜಗದ್ಗುರು ಅನಿಸೇತುಸರೊಡನೆ ಇದನ್ನು ಚರ್ಚಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಲಾಗಲಿಲ್ಲ. ಆದರೂ ಅನಿಸೇತುಸರು ತಮ್ಮ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸುವ ಗೌರವವನ್ನು ಅತಿಥಿಗೆ ಬಿಟ್ಟುಕೊಟ್ಟರು. ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ಮುಂದೆ 190ರ ಸುಮಾರಿಗೆ ಜಗದ್ಗುರು ವಿಕ್ಟರರು ಆ ಸಭೆಗಳನ್ನು ಬಹಿಷ್ಕರಿಸಲು ಮುಂದಾದಾಗ, ಭಾನುವಾರವನ್ನೇ ಪಾಲಿಸುತ್ತಿದ್ದ ಸಂತ ಇರೆನೇಯುಸರು ನಡುವೆ ಬಂದು ಶಾಂತಿಗಾಗಿ ಬೇಡಿಕೊಂಡರು. ಹಬ್ಬದ ದಿನಕ್ಕಾಗಿ ಸಹೋದರರನ್ನು ಕಳೆದುಕೊಳ್ಳಬಾರದು ಎಂಬ ಪಾಠವನ್ನು ನಾವು ಇಲ್ಲಿ ಕಲಿಯಬೇಕು.

325ರಲ್ಲಿ ನಿಸೇಯ ಮಹಾಸಭೆ ಎಲ್ಲರೂ ಒಂದೇ ಭಾನುವಾರ ಪಾಸ್ಕವನ್ನು ಆಚರಿಸಬೇಕೆಂದು ತೀರ್ಮಾನಿಸಿತು. ಕಾಲಕ್ರಮೇಣ ನೆಲೆನಿಂತ ನಿಯಮ ಹೀಗಿದೆ: ಹಗಲು ರಾತ್ರಿ ಸಮನಾಗುವ ದಿನವೆಂದು ಮಾರ್ಚ್ 21ನ್ನು ಹಿಡಿಯಬೇಕು. ಅಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯನ್ನು ನೋಡಬೇಕು. ಆ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರವೇ ಪಾಸ್ಕ. ಹುಣ್ಣಿಮೆ ಭಾನುವಾರವೇ ಬಿದ್ದರೆ ಮುಂದಿನ ಭಾನುವಾರ.

ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25, ಸೋಮವಾರ ಬಂತು. ಅದು ಮಾರ್ಚ್ 21 ದಾಟಿದ ಮೊದಲ ಹುಣ್ಣಿಮೆ. ಆದ್ದರಿಂದ ಮಾರ್ಚ್ 31ರ ಭಾನುವಾರ ಪಾಸ್ಕ. 2025ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 21ಕ್ಕಿಂತ ಮುಂಚೆಯೇ ಆಗಿಹೋಗಿತ್ತು. ದವನದ ಹುಣ್ಣಿಮೆಯ ತನಕ ಕಾಯಬೇಕಾಯಿತು. ಅದು ಧರ್ಮಸಭೆಯ ಲೆಕ್ಕದಲ್ಲಿ ಏಪ್ರಿಲ್ 13, ಭಾನುವಾರವೇ ಬಿತ್ತು. ಹಾಗಾಗಿ ಅಂದು ಗರಿಗಳ ಭಾನುವಾರ, ಏಪ್ರಿಲ್ 20ಕ್ಕೆ ಪಾಸ್ಕ. 2026ರಲ್ಲಿ ಹುಣ್ಣಿಮೆ ಏಪ್ರಿಲ್ 2, ಗುರುವಾರ. ಪಾಸ್ಕ ಏಪ್ರಿಲ್ 5. ಈ ಲೆಕ್ಕದಂತೆ ಪಾಸ್ಕ ಮಾರ್ಚ್ 22ಕ್ಕಿಂತ ಮುಂಚೆ ಬರಲಾರದು, ಏಪ್ರಿಲ್ 25ಕ್ಕಿಂತ ತಡವಾಗಲಾರದು. ಆ ಕೊನೆಯ ತಾರೀಖಿಗೆ ಪಾಸ್ಕ 1943ರಲ್ಲಿ ಬಂದಿತ್ತು, ಮತ್ತೆ 2038ರಲ್ಲಿ ಬರುತ್ತದೆ.

ಈ ಹುಣ್ಣಿಮೆಯನ್ನು ಆಕಾಶ ನೋಡಿ ಹೇಳುವುದಿಲ್ಲ. ಹತ್ತೊಂಬತ್ತು ವರ್ಷಗಳ ಚಕ್ರವನ್ನು ಆಧರಿಸಿದ ಕೋಷ್ಟಕದಿಂದ ಲೆಕ್ಕ ಹಾಕುತ್ತಾರೆ. ಆದ್ದರಿಂದ ಯೆಹೂದ್ಯರ ಪಾಸ್ಕಕ್ಕೂ ನಮ್ಮದಕ್ಕೂ ಕೆಲವೊಮ್ಮೆ ಒಂದು ತಿಂಗಳ ಅಂತರ ಬರುತ್ತದೆ; 2024ರಲ್ಲಿ ಅವರ ಪಾಸ್ಕ ಏಪ್ರಿಲ್ 22ರ ಸಂಜೆ ಆರಂಭವಾಯಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಹಳೆಯ ಜೂಲಿಯನ್ ಕ್ಯಾಲೆಂಡರಿನಿಂದ ಎಣಿಸುವುದರಿಂದ ಅವರ ದಿನವೂ ಬಹಳ ಸಲ ಬೇರೆಯಾಗುತ್ತದೆ. ನಿಸೇಯ ಮಹಾಸಭೆಗೆ 1700 ವರ್ಷ ತುಂಬಿದ 2025ರಲ್ಲಿ ಮಾತ್ರ ಅವರೂ ನಾವೂ ಏಪ್ರಿಲ್ 20ರಂದೇ ಪುನರುತ್ಥಾನವನ್ನು ಕೊಂಡಾಡಿದೆವು.

ಪಾಸ್ಕ ನಿಂತ ಮೇಲೆ ಉಳಿದವು ಅದರ ಹಿಂದೆ ಮುಂದೆ ನಿಲ್ಲುತ್ತವೆ. ನಲವತ್ತಾರು ದಿನ ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರ. ಪಾಸ್ಕವನ್ನೇ ಮೊದಲ ದಿನವಾಗಿ ಹಿಡಿದು ನಲವತ್ತನೆಯ ದಿನ ಸ್ವರ್ಗಾರೋಹಣ, ಐವತ್ತನೆಯ ದಿನ ಪವಿತ್ರಾತ್ಮರ ಆಗಮನದ ಹಬ್ಬ. 2026ರಲ್ಲಿ ಬೂದಿ ಬುಧವಾರ ಫೆಬ್ರವರಿ 18, ಪಂಚಾಶತ್ತಮ ಮೇ 24.

ತಾರೀಖಿನ ಹಬ್ಬಗಳು

ಕ್ರಿಸ್ಮಸ್ಸಿಗೆ ಬೈಬಲಿನಲ್ಲಿ ತಾರೀಖು ಇಲ್ಲ. ಡಿಸೆಂಬರ್ 25ರಂದು ಈ ಹಬ್ಬ ನಡೆದದ್ದಕ್ಕೆ ನಮಗೆ ಸಿಗುವ ಹಳೆಯ ದಾಖಲೆ ರೋಮಿನದು, 336ನೇ ವರ್ಷಕ್ಕೆ ಸೇರಿದ್ದು. ಮಾರ್ಚ್ 25ರ ಮಂಗಳವಾರ್ತೆಯ ಹಬ್ಬದಿಂದ ಒಂಬತ್ತು ತಿಂಗಳಿಗೆ ಡಿಸೆಂಬರ್ 25. ಮರಿಯಮ್ಮನಿಗೆ ದೂತನ ಸಂದೇಶ ಬಂದಾಗ ಎಲಿಜಬೇತಳಿಗೆ ಆರು ತಿಂಗಳಾಗಿತ್ತು ಎಂಬ ಲೂಕ 1:36ರ ಮಾತಿನಿಂದ ಸ್ನಾನಿಕ ಯೊವಾನ್ನರ ಜನನದ ಹಬ್ಬ ಜೂನ್ 24ಕ್ಕೆ ನಿಂತಿತು. ಎಂಟನೆಯ ದಿನದ ನಾಮಕರಣಕ್ಕೆ ಜನವರಿ 1, ನಲವತ್ತನೆಯ ದಿನದ ಸಮರ್ಪಣೆಗೆ ಫೆಬ್ರವರಿ 2. ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬಕ್ಕೆ ಒಂಬತ್ತು ತಿಂಗಳಾದರೆ, ಕರಾವಳಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸುವ ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಂತಿವೆ.

ಈ ಹಬ್ಬಗಳಿಗೆ ವಾರದ ಹಂಗಿಲ್ಲ. ವರ್ಷಕ್ಕೆ 52 ವಾರವಾಗಿ ಒಂದು ದಿನ ಮಿಗುವುದರಿಂದ ಪ್ರತಿ ವರ್ಷ ಒಂದೊಂದು ವಾರ ಮುಂದೆ ಹೋಗುತ್ತವೆ, ಅಧಿಕ ವರ್ಷದಲ್ಲಿ ಎರಡು. 2022ರಲ್ಲಿ ಕ್ರಿಸ್ಮಸ್ ಭಾನುವಾರ ಬಂದಿತ್ತು. ಇನ್ನು 2033ಕ್ಕೆ ಮತ್ತೆ ಬರುತ್ತದೆ.

ಯಾವುದು ಯಾವುದಕ್ಕೆ ದಾರಿ ಬಿಡುತ್ತದೆ?

ತಾರೀಖಿನ ಹಬ್ಬ ಮತ್ತು ಭಾನುವಾರ ಒಂದೇ ದಿನ ಎದುರಾದರೆ ಏನಾಗುತ್ತದೆ? ಇದನ್ನು ನೋಡಿದರೆ ಧರ್ಮಸಭೆಯ ಮನಸ್ಸು ತಿಳಿಯುತ್ತದೆ. 2023ರಲ್ಲಿ ಸಂತ ಜೋಸೆಫರ ಹಬ್ಬ ಮಾರ್ಚ್ 19 ತಪಸ್ಸು ಕಾಲದ ಭಾನುವಾರಕ್ಕೆ ಬಿತ್ತು. ಅಷ್ಟು ದೊಡ್ಡ ಸಂತರ ಹಬ್ಬವೂ ಸೋಮವಾರಕ್ಕೆ ಸರಿದು ನಿಂತಿತು. 2024ರಲ್ಲಿ ಡಿಸೆಂಬರ್ 8 ಆಗಮನ ಕಾಲದ ಎರಡನೆಯ ಭಾನುವಾರ. ಅಮಲೋದ್ಭವ ಮಾತೆಯ ಹಬ್ಬ 9ಕ್ಕೆ ಹೋಯಿತು. ತಾಯಿ ತನ್ನ ಮಗನ ದಿನಕ್ಕೆ ದಾರಿ ಬಿಟ್ಟಳು ಎನ್ನಬಹುದು. ಸಾಮಾನ್ಯ ಕಾಲದ ಭಾನುವಾರಗಳಲ್ಲಿ ಕೆಲವು ದೊಡ್ಡ ಹಬ್ಬಗಳಿಗೆ ಅವಕಾಶವಿದೆ. 2025ರ ನವೆಂಬರ್ 2 ಭಾನುವಾರವಾದರೂ ನಾವು ಅಂದೇ ಮೃತರ ಸ್ಮರಣೆ ಮಾಡಿದೆವು. ಆದರೆ ಆಗಮನ, ತಪಸ್ಸು, ಪಾಸ್ಕ ಕಾಲದ ಭಾನುವಾರಗಳು ಯಾರಿಗೂ ಜಾಗ ಬಿಡುವುದಿಲ್ಲ.

ಇನ್ನು ವಾರದ ನಡುವೆ ಬರುವ ಹಬ್ಬಗಳು ಜನರ ಅನುಕೂಲಕ್ಕಾಗಿ ಭಾನುವಾರಕ್ಕೆ ಬರುತ್ತವೆ. ಮೂರು ರಾಯರ ಹಬ್ಬ ಜನವರಿ 6ರದ್ದು. ಭಾರತದಲ್ಲಿ ಜನವರಿ 2ರಿಂದ 8ರ ನಡುವಿನ ಭಾನುವಾರ ಆಚರಿಸುತ್ತೇವೆ. ಗುರುವಾರದ ಸ್ವರ್ಗಾರೋಹಣವನ್ನು, ಗುರುವಾರದ್ದೇ ಆದ ಕ್ರಿಸ್ತರ ಪವಿತ್ರ ಶರೀರ ಮತ್ತು ರಕ್ತದ ಹಬ್ಬವನ್ನು ಮುಂದಿನ ಭಾನುವಾರಕ್ಕೆ ತಂದಿದ್ದೇವೆ. ಧರ್ಮಕೇಂದ್ರದ ಪಾಲಕ ಸಂತರ ಹಬ್ಬವನ್ನೂ ಹಲವೆಡೆ ಹತ್ತಿರದ ಭಾನುವಾರ ಮಾಡುತ್ತಾರೆ.

ಇದರಲ್ಲಿ ಒಂದು ಕ್ರಮವಿದೆ. ಹಬ್ಬ ಭಾನುವಾರಕ್ಕೆ ಬರಬಹುದು, ಹಬ್ಬ ಭಾನುವಾರದಿಂದ ಸರಿಯಬಹುದು. ಭಾನುವಾರ ಮಾತ್ರ ಎಲ್ಲಿಗೂ ಹೋಗುವುದಿಲ್ಲ. 1582ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು ಕ್ಯಾಲೆಂಡರನ್ನು ತಿದ್ದಿದಾಗ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಹತ್ತು ತಾರೀಖುಗಳು ಮಾಯವಾದವು. ಆದರೆ 4 ಗುರುವಾರ, 15 ಶುಕ್ರವಾರ. ವಾರದ ಸರಪಳಿ ಕಡಿಯಲಿಲ್ಲ. ಫ್ರಾನ್ಸಿನ ಕ್ರಾಂತಿಕಾರರು 1793ರಲ್ಲಿ ಹತ್ತು ದಿನದ ವಾರ ತಂದರು. ಕೆಲವೇ ವರ್ಷಗಳಲ್ಲಿ ಅದು ಹೋಯಿತು. ಸೋವಿಯತ್ ರಷ್ಯ 1929ರಲ್ಲಿ ಐದು ದಿನದ, ಆಮೇಲೆ ಆರು ದಿನದ ವಾರ ನಡೆಸಿ ನೋಡಿ 1940ರಲ್ಲಿ ಏಳಕ್ಕೇ ಮರಳಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯೂ ಇದೇ ನಿಲುವು ತಾಳಿತು. ಇತರ ಕ್ರೈಸ್ತ ಸಭೆಗಳು ಒಪ್ಪಿದರೆ ಪಾಸ್ಕವನ್ನು ಒಂದು ನಿಶ್ಚಿತ ಭಾನುವಾರಕ್ಕೆ ನಿಲ್ಲಿಸಲು ತನ್ನ ಅಡ್ಡಿಯಿಲ್ಲ ಎಂದಿತು. ಆದರೆ ಏಳು ದಿನದ ವಾರವನ್ನೂ ಭಾನುವಾರವನ್ನೂ ಕಾಯದ ಕ್ಯಾಲೆಂಡರನ್ನು ಒಪ್ಪುವುದಿಲ್ಲ ಎಂದಿತು. ಭಾನುವಾರವೇ ಎಲ್ಲಕ್ಕೂ ಮೊದಲ ಹಬ್ಬವೆಂದು ಅದೇ ಮಹಾಸಭೆಯ ಬೋಧನೆ. ವರ್ಷದ ಪಾಸ್ಕಕ್ಕೆ ದಿನ ಗೊತ್ತುಮಾಡುವ ಮೊದಲೇ ವಾರದ ಪಾಸ್ಕ ನಡೆಯುತ್ತಿತ್ತು.

ಭಾನುವಾರ ರಜೆಯೇ?

ಈಗ ಮಗನ ಪ್ರಶ್ನೆ. ಭಾನುವಾರ ಶಾಲೆ, ಕಚೇರಿ, ಬ್ಯಾಂಕು ಮುಚ್ಚಿರುವುದರಿಂದ ಭಾನುವಾರ ಎಂದರೆ ರಜೆ ಎಂದು ನಾವು ತಿಳಿದಿದ್ದೇವೆ. ಹೊಲದವನಿಗೆ ಆ ರಜೆ ಇಲ್ಲ. ಕಬ್ಬು ಕಡಿಯುವವನಿಗೆ, ಹೋಟೆಲಿನ ಹುಡುಗನಿಗೆ, ಬಸ್ ಕಂಡಕ್ಟರನಿಗೆ, ಆಸ್ಪತ್ರೆಯ ನರ್ಸಮ್ಮನಿಗೆ ಇಲ್ಲ. ರಜೆ ಇಲ್ಲದವನಿಗೆ ಭಾನುವಾರವೂ ಇಲ್ಲವೇ?

ಮೊದಲ ಮುನ್ನೂರು ವರ್ಷ ಕ್ರೈಸ್ತರಿಗೆ ಭಾನುವಾರ ಕೆಲಸದ ದಿನವೇ ಆಗಿತ್ತು. ಅವರಲ್ಲಿ ಗುಲಾಮರಿದ್ದರು, ಕೂಲಿಗಳಿದ್ದರು. 112ರ ಸುಮಾರಿಗೆ ರೋಮನ್ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಈ ಜನರು ಒಂದು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಕೂಡಿ ಕ್ರಿಸ್ತರನ್ನು ಸ್ತುತಿಸುತ್ತಾರೆ ಎಂದು ತಿಳಿಸಿದ. ಬೆಳಗಾದರೆ ಧಣಿಯ ಕೆಲಸ ಕಾದಿರುತ್ತಿತ್ತು. ಸುಮಾರು 155ರಲ್ಲಿ ಸಂತ ಜಸ್ಟಿನರು ಭಾನುವಾರದ ಕೂಟವನ್ನು ವಿವರಿಸಿದ್ದಾರೆ: ಪಟ್ಟಣದವರು, ಹಳ್ಳಿಯವರು ಒಂದೆಡೆ ಸೇರುವುದು, ವಾಚನ, ಪ್ರಬೋಧನೆ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ, ಬರಲಾಗದವರಿಗೆ ಪ್ರಸಾದ ಒಯ್ಯುವುದು, ಅನಾಥರಿಗೂ ವಿಧವೆಯರಿಗೂ ಕಾಣಿಕೆ. ಇಂದಿನ ನಮ್ಮ ಬಲಿಪೂಜೆಯ ರೂಪ ಅದೇ. 304ರಲ್ಲಿ ಉತ್ತರ ಆಫ್ರಿಕಾದ ಅಬಿತಿನದ 49 ಜನ ಕ್ರೈಸ್ತರನ್ನು ಹೀಗೆ ಸೇರಿದ್ದಕ್ಕಾಗಿ ಹಿಡಿದರು. ಆಜ್ಞೆ ಮೀರಿ ಏಕೆ ಸೇರಿದಿರೆಂದು ಕೇಳಿದಾಗ, ಪ್ರಭುವಿನ ದಿನದ ಆರಾಧನೆಯಿಲ್ಲದೆ ತಾವು ಬಾಳಲಾರೆವು ಎಂದು ಉತ್ತರಿಸಿ ಪ್ರಾಣ ಕೊಟ್ಟರು. ಅವರು ಪ್ರಾಣ ಕೊಟ್ಟದ್ದು ರಜೆಗಾಗಿ ಅಲ್ಲ.

ಕಾನೂನಿನ ವಿಶ್ರಾಂತಿ ಬಂದದ್ದು 321ರಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನರ ಆಜ್ಞೆಯಿಂದ. ಅದರಲ್ಲೂ ರೈತನಿಗೆ ವಿನಾಯಿತಿ ಇತ್ತು. ನ್ಯಾಯಾಲಯ, ಪಟ್ಟಣದ ಕಸುಬುಗಳು ನಿಲ್ಲಬೇಕು. ಆದರೆ ಬಿತ್ತನೆಗೆ ತಕ್ಕ ಹದ ಬೇರೆ ದಿನ ಸಿಗದೆ ಹೋಗಬಹುದಾದ್ದರಿಂದ ಹೊಲದ ಕೆಲಸ ಮಾಡಬಹುದು. ನಮ್ಮ ದೇಶದಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ. ಅವರು ಕ್ರೈಸ್ತರಲ್ಲ, ಜ್ಯೋತಿಬಾ ಫುಲೆಯವರ ಸಂಗಡಿಗರು. ದುಡಿಯುವವನ ಬೆನ್ನಿಗೆ ವಾರಕ್ಕೊಂದು ದಿನ ಬಿಡುವು ಬೇಕೆಂಬ ಧರ್ಮೋಪದೇಶಕಾಂಡದ ಮಾತು ಹೀಗೆ ಬೇರೆಯವರ ಬಾಯಿಂದಲೂ ಬರುತ್ತದೆ.

ಆದ್ದರಿಂದ ಧರ್ಮಸಭೆ ಇಂದಿಗೂ ಬಡವನ ಮೇಲೆ ಹೊರಲಾರದ ಹೊರೆ ಹೊರಿಸುವುದಿಲ್ಲ. ಕುಟುಂಬದ ನಿಜವಾದ ಅಗತ್ಯಕ್ಕಾಗಿ, ಜನರ ಸೇವೆಗಾಗಿ ಭಾನುವಾರ ದುಡಿಯುವವನಿಗೆ ವಿಶ್ರಾಂತಿಯ ನಿಯಮದಿಂದ ವಿನಾಯಿತಿ ಇದೆ. ಮಳೆ ಬಂದು ಹದವಾದಾಗ ಬಿತ್ತಲೇಬೇಕು. ಸುಗ್ಗಿಯ ರಾಶಿ ಮೋಡದ ಕೆಳಗಿದ್ದರೆ ತುಂಬಲೇಬೇಕು. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೆ ಭಾನುವಾರದ ಕರ್ತವ್ಯ ಪೂರೈಸಿದಂತೆ. ಗುರುಗಳಿಲ್ಲದ ಕಾರಣ ಬಲಿಪೂಜೆಯೇ ಸಿಗದಿದ್ದರೆ, ದೇವರ ವಾಕ್ಯದ ಆರಾಧನೆಯಲ್ಲಿ ಸೇರಬೇಕೆಂದು, ಇಲ್ಲವೇ ಮನೆಯಲ್ಲಿ ಅಥವಾ ಕೆಲವು ಕುಟುಂಬಗಳು ಕೂಡಿ ಸಾಕಷ್ಟು ಹೊತ್ತು ಪ್ರಾರ್ಥಿಸಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಸಲಹೆ ಕೊಡುತ್ತದೆ (1248ನೇ ವಿಧಿ).

ಸೋಮವಾರ ಪೂಜೆ ಬೇಡವೇ? ಖಂಡಿತ ಬೇಕು, ಬಹಳ ಒಳ್ಳೆಯದು. ಎತ್ತಿಗೆ ಬಿಡುವಿರುವ ದಿನ ಮನೆಮಂದಿಯೆಲ್ಲ ಕೂಡಿ ಪರಮ ಪ್ರಸಾದ ಸ್ವೀಕರಿಸಿದರೆ ದೇವರು ಸಂತೋಷಪಡುತ್ತಾರೆ. ಆದರೆ ಅದು ಭಾನುವಾರದ ಬದಲಿಗೆ ಅಲ್ಲ, ಭಾನುವಾರದ ಜೊತೆಗೆ. ಮನೆಯ ಹಿರಿಯರು ತೀರಿಕೊಂಡ ದಿನವನ್ನು ನಮಗೆ ಬಿಡುವಿರುವ ದಿನಕ್ಕೆ ಬದಲಿಸಲು ಬರುವುದಿಲ್ಲ. ಅಂದು ಆದದ್ದು ಅಂದೇ. ಭಾನುವಾರವೂ ಹಾಗೆಯೇ. ಅಂದು ಒಂದು ಸಂಗತಿ ನಡೆಯಿತು. ನಮ್ಮ ಅನುಕೂಲ ನೋಡಿ ಆರಿಸಿಕೊಂಡ ದಿನ ಅದಲ್ಲ.

ಪಟ್ಟಣದಲ್ಲಿರುವ ನಮಗೆ ಇಲ್ಲಿ ಬೇರೆ ಪ್ರಶ್ನೆಯಿದೆ. ರಜೆಯೂ ಇದೆ, ಚರ್ಚೂ ಹತ್ತಿರವಿದೆ. ಆದರೂ ಮದುವೆ, ಪ್ರವಾಸ, ಕ್ರಿಕೆಟ್ಟು, ಟ್ಯೂಷನ್ನು ಮೊದಲಾಗಿ ಬಲಿಪೂಜೆ ಕೊನೆಯದಾಗುತ್ತದೆ. ಕ್ರಿಸ್ಮಸ್ಸಿಗೂ ಪಾಸ್ಕಕ್ಕೂ ಹೊಸ ಬಟ್ಟೆ ತೊಟ್ಟು ಬಂದು, ಐವತ್ತು ಭಾನುವಾರ ಕಾಣದೆ ಹೋಗುವ ಮನೆಗಳಿವೆ. ಬೇರು ಬಿಟ್ಟು ಹೂವನ್ನಷ್ಟೇ ಹಿಡಿದಂತೆ ಅದು. ನಮ್ಮ ಮನೆಗೆಲಸದವಳಿಗೆ, ನಮ್ಮ ಅಂಗಡಿಯ ಆಳಿಗೆ ವಾರದಲ್ಲಿ ಒಂದು ದಿನವಾದರೂ ಬಿಡುವು ಕೊಟ್ಟಿದ್ದೇವೆಯೇ ಎಂಬುದನ್ನೂ ಕೇಳಿಕೊಳ್ಳಬೇಕು.

ದುಂಡಸಿಯ ಕಡೆಯ ಆ ಮನೆಯಲ್ಲಿ ಇಷ್ಟೆಲ್ಲ ಹೇಳಲಿಲ್ಲ. ಪ್ಲಿನಿಯ ಕಾಲದ ಕ್ರೈಸ್ತರು ನಸುಕಿನಲ್ಲಿ ಕೂಡುತ್ತಿದ್ದುದನ್ನು ಮಾತ್ರ ಹೇಳಿದೆವು. ಗಳೇ ಹೂಡುವ ಮುಂಚೆ ದೀಪ ಹಚ್ಚಿ, ಅಂದಿನ ಶುಭಸಂದೇಶ ಓದಿ, ವಿಶ್ವಾಸ ಸಂಗ್ರಹ ಹೇಳಿ ಹೊಲಕ್ಕೆ ಹೋಗಿರಿ. ಆದ ಭಾನುವಾರ ಪೂಜೆಗೆ ಬನ್ನಿರಿ. ಸೋಮವಾರ ನಾವೂ ಬರುತ್ತೇವೆ ಎಂದೆವು. ಮಗ ತಲೆಯಾಡಿಸಿದ. ಅಮ್ಮ ನಕ್ಕು, "ಅಂದ್ರ ಫಾದರ್, ಹುಣ್ಣಿವಿ ಲೆಕ್ಕದ ಪಾಸ್ಕ ವರ್ಷಕ್ಕೊಂದ, ಐತವಾರದ ಪಾಸ್ಕ ವಾರಕ್ಕೊಂದ, ಅಷ್ಟ ಹೌದಲ್ರಿ?" ಎಂದರು.

ಅಷ್ಟೇ ಹೌದು. ಬರುವ ಭಾನುವಾರ ನಾವು ಎಲ್ಲಿದ್ದರೂ, ಹೊಲದಲ್ಲಿರಲಿ, ದಾರಿಯಲ್ಲಿರಲಿ, ದೇವಾಲಯದಲ್ಲಿರಲಿ, ಬರಿದಾದ ಸಮಾಧಿಯ ಮುಂದೆ ನಿಂತ ಮಗ್ದಲದ ಮರಿಯಳ ಸಂತೋಷ ನಮ್ಮ ಮನೆಯದೂ ಆಗಲಿ ಎಂದು ಪ್ರಾರ್ಥಿಸೋಣ.